ಹೊಳಲಿನಲ್ಲಿ ಡೈನೋಸಾರ್ ಯಾಕಿಲ್ಲ? ಉತ್ತರ ಕೊಟ್ಟ ಬ್ರೂಸ್ ಫೂಟ್

ಡೈನೋಸಾರ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಟಿ. ರೆಕ್ಸ್. ಆಮೇಲೆ ಮೂರು ಕೊಂಬಿನ ಟ್ರೈಸೆರಾಟಾಪ್ಸ್, ಉದ್ದ ಕತ್ತಿನ ಬ್ರಾಕಿಯೋಸಾರಸ್. ಇವನ್ನೆಲ್ಲ ನಮಗೆ ಪರಿಚಯ ಮಾಡಿಸಿದ್ದು ಸಿನಿಮಾ. ನಮ್ಮ ದೇಶದ್ದೇ ಆದ ರಾಜಾಸಾರಸ್ ಹೆಸರು ನನ್ನ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಗುಜರಾತಿನಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ಆ ಹೆಸರಿಟ್ಟರು.

ಐದನೇ ತರಗತಿಯ ನನ್ನ ತಮ್ಮ ರಜೆಯಲ್ಲಿ ಒಂದೇ ಪ್ರಶ್ನೆ ಹಿಡಿದು ಕೂತಿದ್ದ: ಆಪಾ, ನಮ್ಮ ಹೊಳಲಿನಲ್ಲೂ ಡೈನೋಸಾರ್ ಇದ್ದವಾ? ಅವನ ಕಾಟ ತಪ್ಪಲಿ ಎಂದು, ತುಂಗಭದ್ರೆಯ ದಂಡೆಯಿಂದ ಅವನೇ ತಂದಿದ್ದ ಗುಂಡುಕಲ್ಲನ್ನು ತೋರಿಸಿ, ಇದೇ ಅದರ ಮೊಟ್ಟೆ ಎಂದೆ. ಅವನು ನಂಬಿ ಅದನ್ನು ಶಾಲೆಗೆ ಒಯ್ದ. ಎಲ್ಲರೂ ನಕ್ಕರಂತೆ. ಆಮೇಲೆ ಎರಡು ವಾರ ಅವನು ನನ್ನನ್ನು ಏನೂ ಕೇಳಲಿಲ್ಲ. ನಿಜವಾದ ಉತ್ತರ ಹುಡುಕಲು ಹೊರಟಾಗ ನನಗೆ ಸಿಕ್ಕವರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಗೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ನಾವಾಗಿದ್ದರೆ ಕಾಲಲ್ಲಿ ಒದ್ದು ಹೋಗುತ್ತಿದ್ದೆವು. ಅದು ಹಳೆಯ ಶಿಲಾಯುಗದ ಮನುಷ್ಯ ಮಾಡಿದ ಕೈಗೊಡಲಿ ಎಂದು ಅವರು ಗುರುತಿಸಿದರು. ಭಾರತದಲ್ಲಿ ಅಷ್ಟು ಹಿಂದೆಯೇ ಮನುಷ್ಯರಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎನ್ನುತ್ತಾರೆ.

ಬಸ್ಸಿಲ್ಲದ ಆ ಕಾಲದಲ್ಲಿ ಅವರು ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಸುತ್ತಿದರು. ಹಡಗಲಿ ಆಗ ಆ ಜಿಲ್ಲೆಯಲ್ಲೇ ಇತ್ತು. ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಹೊಸ ಶಿಲಾಯುಗದವರ ಕೊಡಲಿಗಳನ್ನು ಕಂಡರು. 1891ರಲ್ಲಿ ನಿವೃತ್ತರಾದರೂ ಕೆಲಸ ಬಿಡಲಿಲ್ಲ. ಬಳ್ಳಾರಿ ಜಿಲ್ಲೆಯ ನೆಲದ ಬಗ್ಗೆ ಅವರು ಬರೆದ ಗ್ರಂಥ 1895ರಲ್ಲಿ ಬಂತು. ನಮ್ಮ ಕಡೆಯ ಒಂದು ಬಗೆಯ ಹಳೆಯ ಶಿಲೆಗಳಿಗೆ ಧಾರವಾಡ ಶಿಲೆಗಳು ಎಂದು ಹೆಸರಿಟ್ಟವರೂ ಅವರೇ.

ನನ್ನ ತಮ್ಮನಿಗೆ ಬೇಕಾಗಿದ್ದ ಉತ್ತರ ಆ ಶಿಲೆಗಳಲ್ಲೇ ಇದೆ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ, ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಧಾರವಾಡ ಶಿಲೆಗಳಿಗೆ 250 ಕೋಟಿಗೂ ಹೆಚ್ಚು ವರ್ಷ ಎಂದು ಮುಂದಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಡೈನೋಸಾರ್ ಹುಟ್ಟುವ ಮೊದಲೇ ಗಟ್ಟಿಯಾದ ಕಲ್ಲಿನೊಳಗೆ ಅದರ ಮೂಳೆ ಹೇಗೆ ಸೇರೀತು? ಕಾಮರ್ಸ್ ಓದುವ ನನಗೂ ಈ ಲೆಕ್ಕ ಸುಲಭವಾಗಿ ತಾಳೆಯಾಯಿತು.

ಫೂಟ್ 1912ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಮದ್ರಾಸ್ ವಸ್ತುಸಂಗ್ರಹಾಲಯ ಸೇರಿದೆ. ಯಾವ ಕಲ್ಲು ಎಲ್ಲಿ ಸಿಕ್ಕಿತು ಎಂಬುದು ಅದರ ಪಟ್ಟಿಯಲ್ಲಿದೆ.

ನಾನು ತಮ್ಮನ ಹತ್ತಿರ ತಪ್ಪೊಪ್ಪಿಕೊಂಡು ಇದನ್ನೆಲ್ಲ ಹೇಳಿದೆ. ಹಾಗಾದರೆ ನನ್ನ ಕಲ್ಲು ಡೈನೋಸಾರ್‌ಗಿಂತ ದೊಡ್ಡಣ್ಣನಾ ಎಂದು ಕೇಳಿದ. ಇರಬಹುದು, ಆದರೆ ತಿಳಿದವರಿಗೆ ತೋರಿಸದೆ ಹೇಳಬಾರದು ಎಂದೆ. ಈಗ ಆ ಕಲ್ಲಿಗೆ ಅವನು ಚೀಟಿ ಅಂಟಿಸಿದ್ದಾನೆ: ತುಂಗಭದ್ರೆಯ ದಂಡೆ, ಹೊಳಲು ಹತ್ತಿರ. ಮೊಟ್ಟೆ ಅಲ್ಲ.