ಓಟಗಾರರಾದ ಎರಿಕ್ ಲಿಡ್ಡೆಲರ ಚರಿತ್ರೆ

ಓಟದ ಪಂದ್ಯದಲ್ಲಿ ಗೆದ್ದವರ ಹೆಸರನ್ನು ಲೋಕವು ಬೇಗನೆ ಮರೆಯುವದುಂಟು. ಅವರಿಗಿಂತ ವೇಗವಾಗಿ ಓಡುವವನೊಬ್ಬನು ಬಂದ ಕೂಡಲೆ ಮೊದಲಿನವರ ಮಾತು ನಿಂತುಹೋಗುತ್ತದೆ. ಆದರೆ ಸ್ಕಾಟ್ಲೆಂಡ್ ದೇಶದ ಎರಿಕ್ ಲಿಡ್ಡೆಲರ ಹೆಸರು ಹಾಗೆ ಮರೆತುಹೋಗಲಿಲ್ಲ. ಅವರು ಗೆದ್ದ ಓಟಕ್ಕಿಂತಲೂ ಓಡಲೊಲ್ಲದೆ ಬಿಟ್ಟ ಓಟದಿಂದಲೇ ಹೆಚ್ಚು ಪ್ರಸಿದ್ಧರಾದರು. ಆ ಸಂಗತಿಯನ್ನು ಅನೇಕರು ಕೇಳಿರಬಹುದು. ಅವರ ಕಡೆಯ ದಿನಗಳ ಸಂಗತಿಯನ್ನು ಕೇಳಿದವರು ಕಡಿಮೆ. ಎರಡನ್ನೂ ಕೂಡಿಸಿ ನೋಡಿದರೆ ಮಾತ್ರ ಆ ಮನುಷ್ಯನ ಹೃದಯವು ತಿಳಿದುಬರುವದು.

ಲಿಡ್ಡೆಲರು 1902ನೇ ಇಸವಿ ಜನವರಿ 16ರಂದು ಚೀನಾ ದೇಶದ ಟಿಯೆಂಟ್ಸಿನ್ ಪಟ್ಟಣದಲ್ಲಿ ಹುಟ್ಟಿದರು. ಅವರ ತಂದೆತಾಯಿಗಳು ಲಂಡನ್ ಮಿಶನಿಗೆ ಸೇರಿದ ಮಿಶನರಿಗಳು; ನಮ್ಮ ಬಳ್ಳಾರಿ ಬೆಂಗಳೂರುಗಳಲ್ಲಿ ಸುವಾರ್ತೆಯನ್ನು ಸಾರಿದ ಮಿಶನ್ ಅದೇ. ಎರಿಕನಿಗೆ ಆರು ವರುಷವಾದಾಗ ಅವನನ್ನೂ ಅವನ ಅಣ್ಣನಾದ ರಾಬರ್ಟನನ್ನೂ ಇಂಗ್ಲೆಂಡಿನಲ್ಲಿ ಮಿಶನರಿಗಳ ಗಂಡುಮಕ್ಕಳಿಗಾಗಿದ್ದ ಶಾಲೆಯಲ್ಲಿ ಬಿಟ್ಟರು. ತಂದೆತಾಯಿಗಳ ಸೇವೆಯ ಸ್ಥಳವು ಸಮುದ್ರದಾಚೆ ಚೀನಾದಲ್ಲಿ ಇದ್ದದರಿಂದ ಹುಡುಗರು ಅವರನ್ನು ವರುಷಗಟ್ಟಲೆ ಕಾಣದೆ ಬೆಳೆದರು. ಹೀಗೆ ಅಗಲಿಕೆಯ ನೋವನ್ನು ಎರಿಕನು ಚಿಕ್ಕಂದಿನಲ್ಲಿಯೇ ಅರಿತನು.

1920ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ ವಿಜ್ಞಾನಶಾಸ್ತ್ರವನ್ನು ಓದಿದರು. ಅಲ್ಲಿ ಅವರ ಕಾಲುಗಳ ವೇಗವು ಎಲ್ಲರಿಗೂ ತಿಳಿಯಿತು. ರಗ್ಬಿ ಎಂಬ ಚೆಂಡಾಟದಲ್ಲಿ ಅವರು ಸ್ಕಾಟ್ಲೆಂಡಿನ ಪಕ್ಷವಾಗಿ ಏಳು ಸಾರಿ ಆಡಿದರು. ಅವರ ಓಟವು ನೋಡಲಿಕ್ಕೆ ಅಂದವಾಗಿರಲಿಲ್ಲ. ತಲೆಯನ್ನು ಹಿಂದಕ್ಕೆ ಎತ್ತಿ, ಬಾಯಿ ತೆರೆದು, ಕೈಗಳನ್ನು ಬೀಸುತ್ತಾ ಓಡುವರು. ಆದರೂ ಮುಂದೆ ಹೋಗುವವರು ಅವರೇ. 1923ರ ಜುಲೈ ತಿಂಗಳಲ್ಲಿ ಸ್ಟೋಕ್ ಎಂಬ ಊರಿನಲ್ಲಿ 440 ಗಜದ ಓಟದ ಆರಂಭದಲ್ಲಿಯೇ ಮತ್ತೊಬ್ಬನು ತಗಲಿ ಅವರು ಬಿದ್ದರು. ಎದ್ದಾಗ ಉಳಿದವರು ಸುಮಾರು 20 ಗಜ ಮುಂದಿದ್ದರು. ಲಿಡ್ಡೆಲರು ಬಿಡದೆ ಓಡಿ ಎಲ್ಲರನ್ನೂ ದಾಟಿ ಗೆದ್ದರು. ಅದೇ ವರುಷದ ಏಪ್ರಿಲಿನಿಂದ ಅವರು ಕೂಟಗಳಲ್ಲಿ ಎದ್ದು ನಿಂತು ತಮ್ಮ ವಿಶ್ವಾಸದ ವಿಷಯವಾಗಿ ಸಾಕ್ಷಿ ಹೇಳಲಾರಂಭಿಸಿದ್ದರು. ಸ್ವಭಾವದಲ್ಲಿ ನಾಚಿಕೆಯುಳ್ಳವರಾದ ಅವರಿಗೆ ಇದು ಓಟಕ್ಕಿಂತ ಕಷ್ಟವಾಗಿತ್ತು.

1924ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ನೂರು ಮೀಟರಿನ ಓಟದಲ್ಲಿ ಲಿಡ್ಡೆಲರು ಗೆಲ್ಲುವರೆಂದು ಅವರ ದೇಶದವರು ನಿರೀಕ್ಷಿಸಿದ್ದರು. ಆದರೆ ಅದರ ಮೊದಲನೆಯ ಸುತ್ತುಗಳನ್ನು ಜುಲೈ 6ನೇ ತಾರೀಖು ಆದಿತ್ಯವಾರದಲ್ಲಿ ಇಟ್ಟಿದ್ದರು. ಕರ್ತನ ದಿನವನ್ನು ಆರಾಧನೆಗೂ ವಿಶ್ರಾಂತಿಗೂ ಪ್ರತ್ಯೇಕಿಸಬೇಕೆಂಬ ನಿಯಮದಲ್ಲಿ ಬೆಳೆದ ಲಿಡ್ಡೆಲರು ಆ ದಿನ ಓಡುವದಿಲ್ಲವೆಂದು ಹೇಳಿಬಿಟ್ಟರು. ಆದಿತ್ಯವಾರಕ್ಕೆ ಬೀಳುತ್ತಿದ್ದ ಎರಡು ಗುಂಪು ಓಟಗಳನ್ನೂ ಬಿಟ್ಟುಕೊಟ್ಟರು. 1981ರಲ್ಲಿ ತೆಗೆದ ಒಂದು ಚಲನಚಿತ್ರದಲ್ಲಿ ಅವರು ಹಡಗನ್ನು ಹತ್ತುವಾಗ ಇದು ತಿಳಿಯಿತೆಂದು ತೋರಿಸಲಾಗಿದೆ. ನಿಜವಾಗಿ ಅದು ಅವರಿಗೆ ತಿಂಗಳುಗಳ ಮುಂಚೆಯೇ ತಿಳಿದಿತ್ತು. ಆದದರಿಂದ ದೇಶದ ಮಾನವನ್ನು ಲಕ್ಷಿಸದವರೆಂಬ ನಿಂದೆಯನ್ನು ಅವರು ಒಂದು ದಿನವಲ್ಲ, ಬಹುದಿನ ಹೊರಬೇಕಾಯಿತು. ಅವರು ಯಾರೊಂದಿಗೂ ಜಗಳವಾಡದೆ ನಾಲ್ಕುನೂರು ಮೀಟರಿನ ಓಟಕ್ಕೆ ತಮ್ಮನ್ನು ಸಿದ್ಧಮಾಡಿಕೊಂಡರು.

ಈ ಓಟವು ಕಠಿಣವಾದದ್ದು. ನೂರು ಮೀಟರಿನಂತೆ ಒಂದೇ ಉಸುರಿನಲ್ಲಿ ಮುಗಿಯುವದಿಲ್ಲ. ಮೈಲಿನ ಓಟದಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಓಡುವದಕ್ಕೂ ಆಗುವದಿಲ್ಲ. ಜುಲೈ 11ರಲ್ಲಿ ಲಿಡ್ಡೆಲರಿಗೆ ಅತ್ಯಂತ ಹೊರಗಿನ ಸಾಲು ಸಿಕ್ಕಿತು. ಅಲ್ಲಿ ಓಡುವವನಿಗೆ ಜೊತೆಯವರು ಕಣ್ಣಿಗೆ ಬೀಳುವದಿಲ್ಲ. ಅವರು ಮೊದಲಿನಿಂದಲೇ ಪೂರ್ಣ ಬಲದಿಂದ ಓಡಿದರು. ದಣಿದು ಹಿಂದೆ ಬೀಳುವರೆಂದು ನೋಡುವವರು ಭಾವಿಸಿದರು, ಅವರು ಬೀಳಲಿಲ್ಲ. 47.6 ಸೆಕೆಂಡಿನಲ್ಲಿ ಓಟವನ್ನು ಮುಗಿಸಿ, ಅದುವರೆಗೆ ಒಲಿಂಪಿಕ್ ಪಂದ್ಯಗಳಲ್ಲಿ ಯಾರೂ ತೋರಿಸದ ವೇಗವನ್ನು ತೋರಿಸಿ ಚಿನ್ನದ ಪದಕವನ್ನು ಹೊಂದಿದರು. ಎರಡು ದಿನಗಳ ಮುಂಚೆ ಇನ್ನೂರು ಮೀಟರಿನಲ್ಲಿ ಮೂರನೆಯ ಬಹುಮಾನವೂ ಅವರಿಗೆ ದೊರಕಿತ್ತು.

ಅವರಿಗೆ ಆಗ 22 ವರುಷ. ಮುಂದಿನ ವರುಷವೇ, 1925ರಲ್ಲಿ, ಅವರು ಈ ಕೀರ್ತಿಯನ್ನೆಲ್ಲಾ ಬಿಟ್ಟು ಹುಟ್ಟಿದ ಊರಾದ ಟಿಯೆಂಟ್ಸಿನಿಗೆ ಮಿಶನರಿಯಾಗಿ ಹೋಗಿ, ಅಲ್ಲಿಯ ಕಾಲೇಜಿನಲ್ಲಿ ಚೀನಾದ ಹುಡುಗರಿಗೆ ವಿಜ್ಞಾನವನ್ನೂ ಆಟಗಳನ್ನೂ ಕಲಿಸಿದರು. 1932ರಲ್ಲಿ ಅವರಿಗೆ ಪಾದ್ರಿಯ ಅಭಿಷೇಕವಾಯಿತು. 1934ರಲ್ಲಿ ಕೆನಡಾ ದೇಶದ ಮಿಶನರಿಯ ಮಗಳಾದ ಫ್ಲಾರೆನ್ಸಮ್ಮನವರನ್ನು ಮದುವೆಯಾದರು. 1937ರಲ್ಲಿ ಜಪಾನಿನವರಿಗೂ ಚೀನಾದವರಿಗೂ ಯುದ್ಧವುಂಟಾದಾಗ, ಪಟ್ಟಣದ ಕೆಲಸವನ್ನು ಬಿಟ್ಟು ಸಿಯಾವ್‌ಚಾಂಗ್ ಎಂಬ ಹಳ್ಳಿಯ ಸೀಮೆಗೆ ಹೋದರು. ಅಲ್ಲಿಯ ಆಸ್ಪತ್ರೆಯಲ್ಲಿ ಅವರ ಅಣ್ಣನು ವೈದ್ಯನಾಗಿದ್ದನು. ಲಿಡ್ಡೆಲರು ಬೈಸಿಕಲ್ಲಿನ ಮೇಲೆಯೂ ಕಾಲುನಡೆಯಿಂದಲೂ ಹಳ್ಳಿಹಳ್ಳಿಗೆ ತಿರುಗಿ ಸಭೆಗಳನ್ನು ಬಲಪಡಿಸಿದರು.

1941ರಲ್ಲಿ ಅಪಾಯವು ಹೆಚ್ಚಾಗಲು ಗರ್ಭಿಣಿಯಾಗಿದ್ದ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾವು ಉಳಿದರು. ಮೂರನೆಯ ಮಗಳು ಅಲ್ಲಿ ಹುಟ್ಟಿದಳು. ಅವಳ ಮುಖವನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿನವರು ಅವರನ್ನು ವೆಯಿಸಿಯೆನ್ ಎಂಬಲ್ಲಿ ಬೇರೆ ಪರದೇಶಸ್ಥರೊಂದಿಗೆ ಸೆರೆಯಲ್ಲಿಟ್ಟರು. ತಂದೆತಾಯಿಗಳಿಂದ ಅಗಲಿದ ಒಂದು ಮಿಶನ್ ಶಾಲೆಯ ಮಕ್ಕಳೂ ಆ ಪಾಳೆಯಕ್ಕೆ ತರಲ್ಪಟ್ಟರು. ತಾನೂ ಹಾಗೆ ಬೆಳೆದವರಾದ ಲಿಡ್ಡೆಲರು ಅವರಿಗೆ ಪಾಠ ಹೇಳಿದರು, ಮುರಿದ ಆಟದ ಕೋಲುಗಳನ್ನು ಸರಿಪಡಿಸಿದರು, ಮುದುಕರಿಗೆ ನೀರನ್ನೂ ಕಲ್ಲಿದ್ದಲನ್ನೂ ಹೊತ್ತುಕೊಟ್ಟರು. ಮಕ್ಕಳು ಅವರನ್ನು ಎರಿಕ್ ಮಾವನೆಂದು ಕರೆಯುತ್ತಿದ್ದರು.

ಪಾಳೆಯದಲ್ಲಿಯೂ ಲಿಡ್ಡೆಲರು ಆದಿತ್ಯವಾರ ಆಟವನ್ನು ನಡಿಸುತ್ತಿರಲಿಲ್ಲ. ಬೇಸರಗೊಂಡ ಹುಡುಗ ಹುಡುಗಿಯರು ಒಂದು ಆದಿತ್ಯವಾರ ತಾವೇ ಹಾಕಿ ಆಟಕ್ಕೆ ತೊಡಗಿ, ತೀರ್ಪು ಹೇಳುವವರಿಲ್ಲದೆ ಹೊಡೆದಾಡಿಕೊಂಡರು. ಮುಂದಿನ ಆದಿತ್ಯವಾರ ಆಟದ ಬಯಲಿನಲ್ಲಿ ತೀರ್ಪುಗಾರರಾಗಿ ನಿಂತವರು ಯಾರು? ಚಿನ್ನದ ಪದಕಕ್ಕಾಗಿಯೂ ಆ ದಿನ ಓಡಲೊಲ್ಲದಿದ್ದ ಲಿಡ್ಡೆಲರೇ!

1945ನೇ ಇಸವಿ ಫೆಬ್ರವರಿ 21ರಂದು, ಬಿಡುಗಡೆಗೆ ಆರು ತಿಂಗಳು ಮುಂಚೆ, ಮಿದುಳಿನ ಗಡ್ಡೆಯಿಂದ ಅವರು ಆ ಪಾಳೆಯದಲ್ಲಿಯೇ ಕರ್ತನಲ್ಲಿ ನಿದ್ರೆಹೋದರು. ವಯಸ್ಸು 43. ಹೆಂಡತಿಗೆ ಸುದ್ದಿ ಮುಟ್ಟಿದ್ದು ಮೇ ತಿಂಗಳಲ್ಲಿ. 1991ರಲ್ಲಿ ಸ್ಕಾಟ್ಲೆಂಡಿನಿಂದ ತಂದ ಒಂದು ಕಲ್ಲನ್ನು ಅವರ ಜ್ಞಾಪಕಾರ್ಥವಾಗಿ ಅಲ್ಲಿ ನಿಲ್ಲಿಸಿದರು.

ಪ್ರಿಯ ವಾಚಕರೇ, ಲಿಡ್ಡೆಲರು ಕಡೆಗೆ ತಮ್ಮ ನಿಯಮವನ್ನು ಮುರಿದರೆಂದು ತಿಳಿಯಬಾರದು. ಪ್ಯಾರಿಸಿನಲ್ಲಿ ಆ ದಿನವನ್ನು ಬಿಟ್ಟುಕೊಟ್ಟಿದ್ದರೆ ಲಾಭವು ಅವರ ಸ್ವಂತ ಕೀರ್ತಿಗೆ. ಪಾಳೆಯದಲ್ಲಿ ಅದನ್ನು ಬಿಟ್ಟುಕೊಟ್ಟದ್ದು ದಿಕ್ಕಿಲ್ಲದ ಮಕ್ಕಳಿಗೋಸ್ಕರ. ಕೈಬತ್ತಿದವನನ್ನು ಸಬ್ಬತ್ ದಿನದಲ್ಲಿ ಸ್ವಸ್ಥಮಾಡಿದ ಕರ್ತನ ಶಿಷ್ಯನಿಗೆ ಇದು ತಕ್ಕದ್ದೇ. ಕೊಯ್ಲಿನ ಕಾಲದಲ್ಲಿ ಆದಿತ್ಯವಾರದ ಕೂಲಿಯನ್ನು ಬಿಟ್ಟು ಆರಾಧನೆಗೆ ಬರುವ ಬಡವನು ಲಿಡ್ಡೆಲರ ಸಹೋದರನು. ಅದೇ ದಿನ ನೆರೆಯವನ ಎತ್ತು ಕೆಸರಿನಲ್ಲಿ ಸಿಕ್ಕಿದ್ದನ್ನು ಕಂಡು ಹಗ್ಗ ಹಿಡಿದು ಓಡುವವನೂ ಅವರ ಸಹೋದರನೇ.