ಆರ್ಗನ್ನಿನ ಕವಿ

ಚಲನಚಿತ್ರಗಳು ಇನ್ನೂ ಮಾತು ಕಲಿಯದಿದ್ದ ಕಾಲವೊಂದಿತ್ತು. ಬೆಳ್ಳಿತೆರೆಯ ಮೇಲೆ ಪಾತ್ರಧಾರಿಗಳು ತುಟಿಯಾಡಿಸುತ್ತಿದ್ದರು. ಆದರೆ ದನಿ ಕೇಳಿಸುತ್ತಿರಲಿಲ್ಲ. ಆ ಮೌನವನ್ನು ತುಂಬುವ ಹೊಣೆ ವಾದ್ಯಗಾರರದಾಗಿತ್ತು. ಅಮೆರಿಕದ ಸಣ್ಣ ಚಿತ್ರಮಂದಿರಗಳಲ್ಲಿ ಪಿಯಾನೊ ಇರುತ್ತಿತ್ತು. ದೊಡ್ಡ ಚಿತ್ರಮಂದಿರಗಳಲ್ಲಾದರೋ ಕಟ್ಟಡದ ಅಂಗವೇ ಆಗಿದ್ದ ಬೃಹತ್ತಾದ ಆರ್ಗನ್ ವಾದ್ಯವು ನೆಲೆಗೊಂಡಿತ್ತು. ಈ ವಾದ್ಯವನ್ನು ನುಡಿಸಿ, ಜನರಿಂದ ‘ಆರ್ಗನ್ನಿನ ಕವಿ’ ಎಂಬ ಬಿರುದನ್ನು ಪಡೆದ ಕಲಾವಿದನೇ ಜೆಸ್ಸಿ ಕ್ರಾಫರ್ಡ್.

ಕ್ರಾಫರ್ಡ್ 1895ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ವುಡ್‌ಲ್ಯಾಂಡ್ ಎಂಬಲ್ಲಿ ಜನಿಸಿದನು. ತಂದೆಯ ಮುಖವನ್ನು ಗುರುತಿಸುವ ವಯಸ್ಸು ಬರುವ ಮೊದಲೇ ತಂದೆ ತೀರಿಕೊಂಡನು. ಬಡತನದಿಂದ ಕಂಗೆಟ್ಟ ತಾಯಿ ಬೇರೆ ದಾರಿ ಕಾಣದೆ ಮಗುವನ್ನು ಅನಾಥಾಲಯಕ್ಕೆ ಒಪ್ಪಿಸಿದಳು. ಅಲ್ಲಿ ಅವನಿಗೆ ಸಂಗೀತದ ಗುರು ದೊರೆಯಲಿಲ್ಲ. ಸಿಕ್ಕ ವಾದ್ಯವನ್ನು ಕೈಗೆತ್ತಿಕೊಂಡು ತಾನೇ ಕಲಿಯತೊಡಗಿದನು. ಒಂಬತ್ತನೆಯ ವಯಸ್ಸಿಗೆ ಅನಾಥಾಲಯದ ವಾದ್ಯಮೇಳದಲ್ಲಿ ಕಾರ್ನೆಟ್ ಎಂಬ ತುತ್ತೂರಿಯನ್ನು ಊದುತ್ತಿದ್ದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅನಾಥಾಲಯವನ್ನು ಬಿಟ್ಟು, ಸಣ್ಣ ನೃತ್ಯಮೇಳವೊಂದರಲ್ಲಿ ಪಿಯಾನೊ ನುಡಿಸಿ ಹೊಟ್ಟೆ ಹೊರೆಯಲಾರಂಭಿಸಿದನು. ಅನಂತರ ಮೂಕಚಿತ್ರಗಳನ್ನು ತೋರಿಸುವ ಅಗ್ಗದ ಮಂದಿರವೊಂದನ್ನು ಸೇರಿದನು. 1911ರಲ್ಲಿ ಸ್ಪೋಕೇನ್ ನಗರದ ಚಿತ್ರಮಂದಿರದಲ್ಲಿ ಆರ್ಗನ್ನಿನ ಮುಂದೆ ಕುಳಿತನು. ಅಂದಿನಿಂದ ಆ ವಾದ್ಯವೇ ಅವನ ಬಾಳಾಯಿತು.

ಈ ವಾದ್ಯದ ರಚನೆ ಕುತೂಹಲಕರವಾದುದು. ಸೀಸದಕಡ್ಡಿಯಷ್ಟು ಸಣ್ಣ ಕೊಳವೆಯಿಂದ ಹಿಡಿದು ಕಂಬದಷ್ಟು ದೊಡ್ಡ ಕೊಳವೆಯವರೆಗೆ ನೂರಾರು ಕೊಳವೆಗಳನ್ನು ಕೋಣೆಗಳಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಯಂತ್ರವು ಅವುಗಳಿಗೆ ಗಾಳಿಯನ್ನು ಒದಗಿಸುತ್ತದೆ. ವಾದಕನು ದೂರದಲ್ಲಿ ಕುಳಿತು ಕೀಲಿಯನ್ನು ಒತ್ತಿದಾಗ ವಿದ್ಯುತ್ತಿನ ಸಂಕೇತವು ತಂತಿಯ ಮೂಲಕ ಹರಿದು, ತಕ್ಕ ಕೊಳವೆಯ ಬಾಯನ್ನು ತೆರೆಯುತ್ತದೆ. ಟೆಲಿಫೋನ್ ಎಂಜಿನಿಯರನಾಗಿದ್ದ ರಾಬರ್ಟ್ ಹೋಪ್-ಜೋನ್ಸ್ ಎಂಬ ಆಂಗ್ಲನು ಈ ಏರ್ಪಾಡನ್ನು ಬಹುವಾಗಿ ಬೆಳೆಸಿದನು. ಅವನ ಮಾದರಿಯನ್ನು ಅನುಸರಿಸಿ ವುರ್ಲಿಟ್ಜರ್ ಕಂಪನಿಯು ಎರಡು ಸಾವಿರಕ್ಕೂ ಹೆಚ್ಚು ಆರ್ಗನ್‌ಗಳನ್ನು ತಯಾರಿಸಿತು. ಕೊಳಲು, ಪಿಟೀಲು, ತುತ್ತೂರಿಗಳ ದನಿಗಳಲ್ಲದೆ ನಗಾರಿ, ತಾಳ, ಗಂಟೆ, ಹಕ್ಕಿಯ ಚಿಲಿಪಿಲಿ, ಕುದುರೆಯ ಗೊರಸಿನ ಸದ್ದು ಇವೆಲ್ಲವೂ ಒಬ್ಬನೇ ವಾದಕನ ಬೆರಳುಗಳಿಗೆ ಅಧೀನವಾದವು.

ಆದರೆ ಇಷ್ಟೊಂದು ಸಂಪತ್ತಿದ್ದರೂ ವಾದ್ಯದಲ್ಲಿ ಒಂದು ದೊಡ್ಡ ಕೊರತೆಯಿತ್ತು. ವೀಣೆಯ ತಂತಿಯನ್ನು ಮೆಲ್ಲನೆ ಮೀಟಿದರೆ ಮೆಲುದನಿ, ಬಲವಾಗಿ ಮೀಟಿದರೆ ಗಟ್ಟಿದನಿ ಹೊಮ್ಮುತ್ತದೆ. ಆರ್ಗನ್ನಿನ ಕೀಲಿಯನ್ನು ಹೂವಿನಂತೆ ಮುಟ್ಟಿದರೂ ಗುದ್ದಿದರೂ ಕೊಳವೆಯ ದನಿ ಒಂದೇ. ಹಾಗಾದರೆ ಭಾವವನ್ನು ತರುವುದು ಹೇಗೆ? ಇದಕ್ಕೆ ಕ್ರಾಫರ್ಡ್ ತನ್ನ ಬಾಳೆಲ್ಲ ಉತ್ತರವನ್ನು ಹುಡುಕಿದನು.

ಕೊಳವೆಗಳ ಕೋಣೆಗೆ ಕಿಟಕಿಯ ಪಟ್ಟಿಗಳಂತಹ ಬಾಗಿಲುಗಳಿರುತ್ತವೆ. ಕಾಲಿನ ಮೆಟ್ಟಿನಿಂದ ಅವನ್ನು ತೆರೆದರೆ ದನಿ ಹಿಗ್ಗುತ್ತದೆ, ಮುಚ್ಚಿದರೆ ಕುಗ್ಗುತ್ತದೆ. ಕ್ರಾಫರ್ಡ್ ಎಡಗಾಲಿನಿಂದ ಮಂದ್ರಸ್ವರಗಳನ್ನು ನುಡಿಸುತ್ತ, ಬಲಗಾಲಿನಿಂದ ಈ ಬಾಗಿಲುಗಳನ್ನು ಸ್ವರಸ್ವರಕ್ಕೂ ಆಡಿಸಿ ಹಾಡಿನ ಸಾಲಿಗೆ ಉಸಿರಾಟವನ್ನು ತಂದನು. ಗಾಳಿಯನ್ನು ಕಂಪಿಸುವಂತೆ ಮಾಡುವ ಸಾಧನದಿಂದ ದನಿಗೆ ಮನುಷ್ಯಕಂಠದ ನಡುಕ ದೊರೆಯುತ್ತಿತ್ತು. ಟಿಬಿಯಾ ಎಂಬ ಕೊಳಲಿನಂತಹ ಮೃದುಸ್ವರವನ್ನು ಅವನು ವಿಶೇಷವಾಗಿ ಪ್ರೀತಿಸಿದನು. ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಬೆರಳನ್ನು ಜಾರಿಸಿ, ನಮ್ಮ ಸಂಗೀತಗಾರರು ಜಾರು ಎಂದು ಕರೆಯುವ ಗಮಕದಂತಹ ಪರಿಣಾಮವನ್ನು ಸಾಧಿಸಿದನು. ಎಲ್ಲಿ ಬೆರಳೆತ್ತಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನೂ ಅವನು ಚೆನ್ನಾಗಿ ಬಲ್ಲವನಾಗಿದ್ದನು. ನೂರು ದನಿಗಳು ಕೈಯಳತೆಯಲ್ಲಿದ್ದರೂ ಬೇಕಾದ ಎರಡು ಮೂರನ್ನೇ ಆರಿಸಿಕೊಂಡು ಸರಳವಾದ ಪ್ರೇಮಗೀತೆಯನ್ನು ಹಾಡುಗಾರನಂತೆ ನುಡಿಸುವುದು ಅವನ ವೈಶಿಷ್ಟ್ಯವಾಗಿತ್ತು.

1921ರಲ್ಲಿ ಆರಂಭವಾದ ಷಿಕಾಗೊ ಥಿಯೇಟರ್ ಅವನಿಗೆ ಕೀರ್ತಿಯನ್ನು ತಂದಿತು. 1924ರಲ್ಲಿ ಹೆಲೆನ್ ಆಂಡರ್ಸನ್ ಎಂಬಾಕೆಯನ್ನು ಅವನು ಮದುವೆಯಾದನು. ಆಕೆಯೂ ಆರ್ಗನ್ ವಾದಕಿಯೇ. 1926ರ ನವೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾರಮೌಂಟ್ ಥಿಯೇಟರ್ ತೆರೆದಾಗ ಕ್ರಾಫರ್ಡ್ ಅಲ್ಲಿನ ಪ್ರಧಾನ ವಾದಕನಾದನು. 36 ಶ್ರೇಣಿಗಳ ಕೊಳವೆಗಳುಳ್ಳ ಆ ವುರ್ಲಿಟ್ಜರ್ ಆರ್ಗನ್ನನ್ನು ಎರಡು ಪೀಠಗಳಿಂದ ದಂಪತಿಗಳು ಜೊತೆಯಾಗಿ ನುಡಿಸುತ್ತಿದ್ದರು. ವಿಕ್ಟರ್ ಕಂಪನಿಯ ಗ್ರಾಮಫೋನ್ ತಟ್ಟೆಗಳ ಮೂಲಕ ಅವನ ವಾದನವು ಮನೆಮನೆಗೂ ತಲುಪಿತು.

ಆದರೆ ಕೀರ್ತಿಯ ಶಿಖರದಲ್ಲಿರುವಾಗಲೇ ಕಾಲ ಬದಲಾಯಿತು. 1927ರಲ್ಲಿ ‘ದಿ ಜಾಸ್ ಸಿಂಗರ್’ ಚಿತ್ರವು ತೆರೆಕಂಡಿತು. ತೆರೆಯ ಮೇಲಿನ ಬಿಂಬಗಳು ಮಾತನಾಡತೊಡಗಿದವು, ಹಾಡತೊಡಗಿದವು. ಚಿತ್ರಕ್ಕೆ ಇನ್ನು ವಾದ್ಯಗಾರನು ಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಊರೂರುಗಳ ಆರ್ಗನ್ ವಾದಕರು ಕೆಲಸ ಕಳೆದುಕೊಂಡರು. ಕ್ರಾಫರ್ಡನನ್ನು ಅವನ ಜನಪ್ರಿಯತೆ ಕೆಲಕಾಲ ಕಾಪಾಡಿತು. 1933ರಲ್ಲಿ ಅವನೂ ಪ್ಯಾರಮೌಂಟನ್ನು ಬಿಡಬೇಕಾಯಿತು.

ಇಂತಹ ಸಂದರ್ಭದಲ್ಲಿ ಹಲವರು ಹಿಂದಿನ ವೈಭವವನ್ನು ನೆನೆದು ಕೊರಗುತ್ತಾರೆ. ಕ್ರಾಫರ್ಡ್ ಹಾಗೆ ಕೈಕಟ್ಟಿ ಕೂರಲಿಲ್ಲ. 1935ರಲ್ಲಿ ಕೊಳವೆಗಳೇ ಇಲ್ಲದ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ಬಂದಿತು. ಅವನು ಅದನ್ನೂ ಕಲಿತು ರೇಡಿಯೊದಲ್ಲಿ ನುಡಿಸಿದನು. ಗುರುವಿಲ್ಲದೆ ಬೆಳೆದು ದೇಶಕ್ಕೆಲ್ಲ ಹೆಸರಾಗಿದ್ದ ಆತನು, ಜೋಸೆಫ್ ಷಿಲ್ಲಿಂಜರ್ ಎಂಬ ಸಂಗೀತಶಾಸ್ತ್ರಜ್ಞನಲ್ಲಿ ಶಿಷ್ಯನಾಗಿ ಸೇರಿ ಶಾಸ್ತ್ರವನ್ನು ಅಭ್ಯಾಸ ಮಾಡಿದನು. ಮುಂದೆ ತಾನೇ ಗುರುವಾಗಿ ಹಲವರಿಗೆ ಕಲಿಸಿದನು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವನು ಕಾಲವಶನಾದನು.

ಪ್ಯಾರಮೌಂಟ್ ಥಿಯೇಟರ್ ಎರಡೇ ವರ್ಷಗಳಲ್ಲಿ ಮುಚ್ಚಿತು. ಅಲ್ಲಿಂದ ಬಿಚ್ಚಿ ತೆಗೆದ ಆರ್ಗನ್ ಕ್ಯಾನ್ಸಾಸ್ ರಾಜ್ಯದ ವಿಚಿಟಾ ನಗರದ ಸಭಾಭವನವನ್ನು ಸೇರಿ, 1972ರಲ್ಲಿ ಮತ್ತೆ ನುಡಿಯಿತು. ಅನಾಥ ಬಾಲಕನಾಗಿ ಹೊರಟ ಕ್ರಾಫರ್ಡ್ ಯಾವ ಸಿರಿಯನ್ನೂ ಪಡೆದು ಬಂದವನಲ್ಲ. ಭಾವವಿಲ್ಲದ ಯಂತ್ರವೆಂದು ತೋರುತ್ತಿದ್ದ ವಾದ್ಯದಿಂದ ಮಿಡಿಯುವ ಹಾಡನ್ನು ಹೊರತರುವುದಕ್ಕೆ ತಾಳ್ಮೆ, ಸೂಕ್ಷ್ಮವಾದ ಕಿವಿ ಮತ್ತು ಸತತವಾದ ಅಭ್ಯಾಸಗಳೇ ಅವನಿಗೆ ನೆರವಾದವು. ಕಾಲವು ತನ್ನ ಕಸುಬನ್ನು ಕಸಿದುಕೊಂಡಾಗಲೂ ಅವನು ಕಲಿಯುವುದನ್ನು ಕೈಬಿಡಲಿಲ್ಲ. ಅವನ ಬಾಳು ನಮಗೆ ನೀಡುವ ಪಾಠವಿದು.