ಬಂದರಿನಿಂದ ಬೀದರಿಗೆ ಬಂದ ಖ್ವಾಜಾ ಮಹಮೂದ್ ಗವಾನ್

ಉರ್ದು ತರಗತಿಯಲ್ಲಿ 'ಬಂದರ್' ಎಂಬ ಪದ ಬಂದಾಗಲೆಲ್ಲ ಮಕ್ಕಳು ನಗುತ್ತಾರೆ. ಉರ್ದುವಿನಲ್ಲಿ ಕೋತಿಗೂ ಬಂದರ್, ಹಡಗು ನಿಲ್ಲುವ ಜಾಗಕ್ಕೂ ಬಂದರ್. ಬರೆಯುವ ಅಕ್ಷರಗಳೂ ಒಂದೇ. ಅದೇ ಮಕ್ಕಳು ಮುಂದಿನ ಪೀರಿಯಡ್‌ನಲ್ಲಿ ಕನ್ನಡ ಪುಸ್ತಕ ತೆರೆದರೆ ಅಲ್ಲಿ 'ಬಂದರು' ಕಾದಿರುತ್ತದೆ. ಈ ಎರಡನೆಯ ಬಂದರ್ ಫಾರಸಿ ಪದ. ನಾವು ಇಂದು ನಮ್ಮದೇ ಎಂದು ಬಳಸುವ ಇಂತಹ ಎಷ್ಟೋ ಮಾತುಗಳು ಒಂದು ಕಾಲದಲ್ಲಿ ವ್ಯಾಪಾರಿಗಳ ಜೊತೆಗೇ ನಮ್ಮ ನಾಡಿಗೆ ಬಂದವು. ಹಾಗೆ ಬಂದ ವ್ಯಾಪಾರಿಗಳಲ್ಲಿ ಒಬ್ಬರು ಖ್ವಾಜಾ ಇಮಾದುದ್ದೀನ್ ಮಹಮೂದ್ ಗವಾನ್.

ವಿದ್ಯಾರ್ಥಿ ಮಿತ್ರರಿಗೆ ಈ ಹೆಸರು ಹೊಸದಲ್ಲ. ಬಹಮನಿ ರಾಜ್ಯದ ಪ್ರಧಾನಮಂತ್ರಿ, ಬೀದರ್‌ನ ಮದ್ರಸಾ ಕಟ್ಟಿಸಿದವರು ಎಂದು ಪಠ್ಯಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದಿರುತ್ತೀರಿ. ನಾನೂ ಹಾಗೆಯೇ ಬರೆದವನು. ಬಿ.ಎಡ್. ಓದುವಾಗ ಶೈಕ್ಷಣಿಕ ಪ್ರವಾಸಕ್ಕೆಂದು ಬೀದರ್‌ಗೆ ಹೋಗಿ ಆ ಮಿನಾರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಬಂದೆವು. ಸಮುದ್ರದಿಂದ ಇಷ್ಟು ದೂರದ ಊರಿಗೆ ಆ ನೀಲಿ ಹೆಂಚುಗಳು ಹೇಗೆ ಬಂದವು, ಆ ವಿದ್ವಾಂಸರು ಯಾವ ದಾರಿಯಿಂದ ಬಂದರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಗವಾನರ ಬದುಕಿನ ಅರ್ಧ ಭಾಗ ಆ ಪ್ರಶ್ನೆಯಲ್ಲೇ ಇದೆ.

ಅವರು ಹುಟ್ಟಿದ್ದು 1411ರ ಸುಮಾರಿಗೆ, ಇರಾನಿನ ಉತ್ತರಕ್ಕೆ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಗಿಲಾನ್ ಪ್ರಾಂತ್ಯದಲ್ಲಿ. ಅಲ್ಲಿನ ಗವಾನ್ ಎಂಬ ಊರಿನ ಹೆಸರೇ ಅವರ ಹೆಸರಿಗೆ ಸೇರಿಕೊಂಡಿತು. ಮನೆತನದವರು ಗಿಲಾನಿನ ಅರಸರ ಬಳಿ ಮಂತ್ರಿಗಳಾಗಿದ್ದವರು. ಆದರೆ ಅರಮನೆಯ ಒಳಸಂಚುಗಳಿಂದ ಬೇಸತ್ತು ಊರು ಬಿಟ್ಟ ಗವಾನರು ಅಧಿಕಾರದ ದಾರಿ ಬೇಡವೆಂದು ವ್ಯಾಪಾರಕ್ಕಿಳಿದರು. ಊರಿಂದೂರಿಗೆ ಸರಕು ಸಾಗಿಸುತ್ತಾ, ಹೋದಲ್ಲೆಲ್ಲ ಉಲಮಾಗಳ ಬಳಿ ಕುಳಿತು ಕಲಿಯುತ್ತಾ ತಿರುಗಿದರು. ಕೈರೋದಲ್ಲಿ ಪ್ರಸಿದ್ಧ ಹದೀಸ್ ವಿದ್ವಾಂಸರಾದ ಇಬ್ನ್ ಹಜರ್ ಅಲ್ ಅಸ್ಕಲಾನಿಯವರ ಬಳಿ ಪಾಠ ಕೇಳಿದರು. ವ್ಯಾಪಾರವೂ ವಿದ್ಯೆಯೂ ಒಂದೇ ಪ್ರಯಾಣದಲ್ಲಿ ಸಾಗುತ್ತಿದ್ದ ಕಾಲವದು.

1453ರಲ್ಲಿ, ವಯಸ್ಸು 40 ದಾಟಿದ ಮೇಲೆ, ಅವರು ದಾಭೋಳ ಬಂದರಿನಲ್ಲಿ ಇಳಿದರು. ಇಂದಿನ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ, ವಾಸಿಷ್ಠಿ ನದಿ ಸಮುದ್ರ ಸೇರುವಲ್ಲಿ ಈ ಊರಿದೆ. ಬೀದರ್‌ಗೆ ಹೋಗಿ ಅಲ್ಲಿದ್ದ ಸೂಫಿ ಶಾಹ್ ಮುಹಿಬ್ಬುಲ್ಲಾ ಅವರನ್ನು ಕಾಣುವುದು, ಸರಕು ಮಾರುವುದು, ನಂತರ ದೆಹಲಿಯ ಕಡೆ ಸಾಗುವುದು ಎಂಬ ಲೆಕ್ಕಾಚಾರದಲ್ಲಿ ಬಂದವರು ಬೀದರಿನಲ್ಲೇ ಉಳಿದುಬಿಟ್ಟರು. ಸುಲ್ತಾನ್ ಎರಡನೇ ಅಲಾವುದ್ದೀನ್ ಅಹ್ಮದ್ ಶಾಹ್ ಅವರ ಯೋಗ್ಯತೆ ಗುರುತಿಸಿ ಸೇವೆಗೆ ಸೇರಿಸಿಕೊಂಡರು. ಮುಂದಿನ ಸುಲ್ತಾನ್ ಹುಮಾಯೂನ್ ಶಾಹ್ ಅವರಿಗೆ 'ಮಲಿಕುತ್ತುಜ್ಜಾರ್' ಎಂಬ ಬಿರುದು ನೀಡಿದರು. ತಾಜಿರ್ ಎಂದರೆ ವ್ಯಾಪಾರಿ, ತುಜ್ಜಾರ್ ಅದರ ಬಹುವಚನ. ವ್ಯಾಪಾರಿಗಳ ಒಡೆಯ ಎಂದು ಅರ್ಥ. ಆ ರಾಜ್ಯದಲ್ಲಿ ಇದು ಅತ್ಯಂತ ದೊಡ್ಡ ಬಿರುದುಗಳಲ್ಲಿ ಒಂದಾಗಿತ್ತು. ಸೇನಾಪತಿಗೂ ಪ್ರಾಂತ್ಯಾಧಿಕಾರಿಗೂ ವ್ಯಾಪಾರಿಗಳ ಒಡೆಯ ಎಂಬ ಬಿರುದು ಕೊಡುವ ರಾಜ್ಯವೆಂದರೆ ಅದರ ಉಸಿರು ಎಲ್ಲಿತ್ತು ಎಂಬುದನ್ನು ಊಹಿಸಬಹುದು.

ಆ ಉಸಿರು ಇದ್ದದ್ದು ಕುದುರೆಯಲ್ಲಿ. ದಖ್ಖನ್ನಿನ ಹವೆ ಮತ್ತು ಮೇವು ಒಳ್ಳೆಯ ಯುದ್ಧದ ಕುದುರೆಗಳ ತಳಿ ಬೆಳೆಸಲು ಒಗ್ಗುತ್ತಿರಲಿಲ್ಲ. ಆದ್ದರಿಂದ ಬಹಮನಿಗಳಿಗೂ ವಿಜಯನಗರಕ್ಕೂ ಪ್ರತಿ ವರ್ಷ ಅರಬ್ ಮತ್ತು ಇರಾನ್ ಕಡೆಯಿಂದ ಕುದುರೆಗಳು ಬರಲೇಬೇಕಿತ್ತು. ಕೊಲ್ಲಿಯ ಬಾಯಲ್ಲಿದ್ದ ಹುರ್ಮುಜ್ ಬಂದರಿನಲ್ಲಿ ಅವನ್ನು ಹಡಗಿಗೆ ಹತ್ತಿಸುತ್ತಿದ್ದರು. ಮುಂಗಾರಿನ ರಭಸ ಜೋರಾಗಿರುವ ತಿಂಗಳುಗಳಲ್ಲಿ ಕೊಂಕಣದ ಬಂದರುಗಳು ಮುಚ್ಚಿರುತ್ತಿದ್ದವು. ಮಿಕ್ಕ ದಿನಗಳಲ್ಲಿ ಗಾಳಿಯ ದಿಕ್ಕು ನೋಡಿಕೊಂಡು ಹಡಗು ಬಿಡಬೇಕು. ನೀರು, ಮೇವು ಮುಗಿಯುವುದರೊಳಗೆ ದಡ ಸೇರಬೇಕು. ಇಳಿದ ಮೇಲೆ ಸಹ್ಯಾದ್ರಿಯ ಘಟ್ಟ ಹತ್ತಬೇಕು. ದಾಭೋಳದಿಂದ ಬೀದರ್‌ಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ 450 ಕಿ.ಮೀ.ಗಿಂತ ಹೆಚ್ಚು, ನಡೆದು ಬಂದರೆ ಒಂದು ತಿಂಗಳ ದಾರಿ.

ಈ ದಾರಿಯ ಲೆಕ್ಕವನ್ನು ಬರೆದಿಟ್ಟವನು ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ. 1470ರ ಆಸುಪಾಸಿನಲ್ಲಿ, ಗವಾನರು ಅಧಿಕಾರದ ತುತ್ತತುದಿಯಲ್ಲಿದ್ದಾಗ, ಈತ ಹುರ್ಮುಜ್‌ನಿಂದ ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಹಾಕಿಕೊಂಡು ಚೌಲ್ ಬಂದರಿಗೆ ಬಂದ. ಅದನ್ನು ಕೊಳ್ಳಲು 100 ರೂಬಲ್ ಹಾಕಿದ್ದ. ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಕುದುರೆಯನ್ನು ಕಿತ್ತುಕೊಂಡ. ಖುರಾಸಾನಿನ ಮುಸ್ಲಿಮರೊಬ್ಬರು ನಡುವೆ ಮಾತನಾಡಿ ಬಿಡಿಸಿಕೊಟ್ಟರು. ಕೊನೆಗೆ ಬೀದರ್‌ನಲ್ಲಿ ಮಾರಿದ. ಬೇಯಿಸಿದ ಕಾಳು, ಸಕ್ಕರೆ ಹಾಕಿದ ಖಿಚಡಿ ತಿನ್ನಿಸಿ ಇಲ್ಲಿಯ ಜನ ಕುದುರೆ ಸಾಕುತ್ತಾರೆಂದು ಅವನು ಬೆರಗಿನಿಂದ ಬರೆದಿದ್ದಾನೆ. ನಮ್ಮ ಕಲಬುರಗಿ ಜಿಲ್ಲೆಯ ಆಳಂದವೂ ಅವನ ಬರಹದಲ್ಲಿದೆ. ಶೇಖ್ ಅಲಾವುದ್ದೀನರ, ಅಂದರೆ ನಾವು ಲಾಡ್ಲೆ ಮಶಾಯಿಖ್ ಎಂದು ಕರೆಯುವವರ, ದರ್ಗಾದ ಬಳಿ ವರ್ಷಕ್ಕೊಮ್ಮೆ ಜಾತ್ರೆ ಕೂಡುತ್ತಿತ್ತು. ಅಲ್ಲಿ 20,000ದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವು ಎನ್ನುತ್ತಾನೆ. ಸಂಖ್ಯೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಇರಲಿ. ಹುರ್ಮುಜ್‌ನಲ್ಲಿ ಹಡಗು ಹತ್ತಿದ ಕುದುರೆ ಆಳಂದದ ಸಂತೆಯಲ್ಲಿ ಕೈ ಬದಲಾಯಿಸುತ್ತಿತ್ತು ಎಂಬುದು ಮುಖ್ಯ.

ಇಂತಹ ದಾರಿಗೆ ಎರಡು ಕಡೆ ಅಡ್ಡಿಯಿತ್ತು. ಖೇಳ್ಣಾ (ಇಂದಿನ ವಿಶಾಳಗಡ) ಮತ್ತು ಸಂಗಮೇಶ್ವರದ ಅರಸರು ಘಟ್ಟದ ಕೋಟೆಗಳನ್ನೂ ಕೆಳಗಿನ ಕಡಲನ್ನೂ ಹಿಡಿದುಕೊಂಡಿದ್ದರು. ಅವರ ಹಡಗುಗಳು ವ್ಯಾಪಾರಿಗಳನ್ನೂ ಹಜ್ ಯಾತ್ರಿಕರನ್ನೂ ದೋಚುತ್ತಿದ್ದವು. ಗವಾನರು ಬರುವುದಕ್ಕೆ ಕೆಲವು ವರ್ಷ ಮೊದಲು, ಬಸ್ರಾದಿಂದ ಬಂದು ಇದೇ ಮಲಿಕುತ್ತುಜ್ಜಾರ್ ಬಿರುದು ಪಡೆದಿದ್ದ ಖಲಫ್ ಹಸನ್ ಎಂಬ ಸೇನಾಪತಿ ಆ ಕಾಡಿನಲ್ಲೇ ಸೈನ್ಯಸಮೇತ ನಾಶವಾಗಿದ್ದರು. ಇನ್ನು ದಕ್ಷಿಣಕ್ಕೆ ಗೋವೆ. ಪಶ್ಚಿಮ ಕರಾವಳಿಯ ಒಳ್ಳೆಯ ಬಂದರುಗಳಲ್ಲಿ ಒಂದಾದ ಅದು ವಿಜಯನಗರದ ಕೈಯಲ್ಲಿತ್ತು.

1466ರಲ್ಲಿ ಪ್ರಧಾನಮಂತ್ರಿಯಾದ ಗವಾನರು 1469ರಲ್ಲಿ ತಾವೇ ಸೈನ್ಯದೊಂದಿಗೆ ಕೊಂಕಣಕ್ಕೆ ಹೊರಟರು. ಸುಮಾರು ಮೂರು ವರ್ಷ ಅಲ್ಲೇ ಕಳೆಯಿತು. ಕಾಡು ಕಡಿಸಿ ದಾರಿ ಮಾಡಿದರು. ಖೇಳ್ಣಾದ ಮುಂದೆ ತಿಂಗಳುಗಟ್ಟಲೆ ಕಾದರು. ಮಳೆಗಾಲ ಹಿಡಿದಾಗ ಕೊಲ್ಹಾಪುರಕ್ಕೆ ಹಿಂದೆ ಸರಿದು, ಹುಲ್ಲಿನ ಮನೆ ಕಟ್ಟಿಕೊಂಡು ಉಳಿದು, ಮಳೆ ನಿಂತ ಮೇಲೆ ಮತ್ತೆ ಮುಂದುವರಿದರು. ಕೆಲವು ಕೋಟೆಗಳನ್ನು ಕತ್ತಿಯಿಂದಲ್ಲ, ಹಣ ಕೊಟ್ಟು ಬಿಡಿಸಿಕೊಂಡರು. ವ್ಯಾಪಾರಿಯ ಬುದ್ಧಿ ಅಲ್ಲಿಯೂ ಕೆಲಸ ಮಾಡಿತು. ಈ ನಡುವೆ ಬೀದರ್‌ನ ದರ್ಬಾರಿನಲ್ಲಿದ್ದ ವಿರೋಧಿಗಳು ಸಹಾಯ ಕಳಿಸದೆ ಸತಾಯಿಸುತ್ತಿದ್ದರು. ಆ ನೋವು ಅವರ ಪತ್ರಗಳಲ್ಲಿ ಕಾಣುತ್ತದೆ. ಕೊನೆಗೆ 1472ರಲ್ಲಿ ನೆಲದಿಂದಲೂ ಸಮುದ್ರದಿಂದಲೂ ಮುತ್ತಿ ಗೋವೆಯನ್ನು ಗೆದ್ದರು. ಮರುವರ್ಷವೇ ಗೋವೆಯನ್ನು ಮರಳಿ ಪಡೆಯುವ ಪ್ರಯತ್ನ ನಡೆದಾಗ ಸುಲ್ತಾನರೂ ಗವಾನರೂ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿ, ಗೋಡೆಯಡಿ ಮದ್ದು ತುಂಬಿ ಒಡೆದು ವಶಪಡಿಸಿಕೊಂಡರು.

ಈ ಯುದ್ಧಗಳನ್ನು ಧರ್ಮಗಳ ಜಗಳವೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇದಕ್ಕೆ ಹತ್ತು ವರ್ಷ ಮೊದಲು ಬೀದರನ್ನೇ ಮುತ್ತಿದವರು ಮಾಳ್ವದ ಸುಲ್ತಾನರು. ಆಗ ಗವಾನರು ಗುಜರಾತಿನ ಸುಲ್ತಾನರ ನೆರವು ಪಡೆದು ರಾಜ್ಯ ಉಳಿಸಿಕೊಂಡರು. ಕೊಂಕಣದಲ್ಲಿ ಬೇಕಾಗಿದ್ದದ್ದು ಬಂದರು ಮತ್ತು ಬಂದರಿಗೆ ಹೋಗುವ ಘಟ್ಟದ ದಾರಿ. ಹಾಗೆಂದು ಅವರನ್ನು ಬರೀ ಸಂತರಂತೆ ಚಿತ್ರಿಸುವುದೂ ಸರಿಯಲ್ಲ. ಆ ಮೂರು ವರ್ಷಗಳಲ್ಲಿ ಹಳ್ಳಿಗಳು ಸುಟ್ಟಿವೆ, ಎರಡೂ ಕಡೆ ಜನ ಸತ್ತಿದ್ದಾರೆ.

ವಿಜಯದ ನಂತರ ಬೀದರ್‌ನಲ್ಲಿ ಅವರಿಗೆ ಸಿಕ್ಕ ಗೌರವ ಅಷ್ಟಿಷ್ಟಲ್ಲ. ಸುಲ್ತಾನ್ ಮೂರನೇ ಮುಹಮ್ಮದ್ ಶಾಹ್ ಒಂದು ವಾರ ಅವರ ಮನೆಯಲ್ಲೇ ಅತಿಥಿಯಾಗಿದ್ದರು. ರಾಜಮಾತೆ ಅವರನ್ನು ಅಣ್ಣನೆಂದು ಕರೆದರು. ಸುಲ್ತಾನರು ಹೊರಟ ಮೇಲೆ ಗವಾನರು ಕೋಣೆ ಸೇರಿ ಅತ್ತು, ದರ್ವೇಶಿಯ ಉಡುಪು ತೊಟ್ಟು, ಮನೆಯಲ್ಲಿದ್ದ ಬೆಲೆಬಾಳುವುದನ್ನೆಲ್ಲ ವಿದ್ವಾಂಸರಿಗೂ ಬಡವರಿಗೂ ಹಂಚಿಬಿಟ್ಟರೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಉಳಿಸಿಕೊಂಡದ್ದು ಪುಸ್ತಕ, ಆನೆ, ಕುದುರೆ ಮಾತ್ರ. ಪುಸ್ತಕಗಳು ವಿದ್ಯಾರ್ಥಿಗಳ ಸ್ವತ್ತು, ಆನೆ ಕುದುರೆಗಳು ಸುಲ್ತಾನರ ಸ್ವತ್ತು, ತಮ್ಮದಲ್ಲದ್ದನ್ನು ದಾನ ಮಾಡುವುದು ಹೇಗೆ ಎಂಬುದು ಅವರ ಲೆಕ್ಕ.

ಮದ್ರಸಾ ಪೂರ್ಣಗೊಂಡದ್ದೂ ಅದೇ 1472ರಲ್ಲಿ. ಮೂರು ಅಂತಸ್ತು, 205 ಅಡಿ ಉದ್ದ, 180 ಅಡಿ ಅಗಲ, ವಿದ್ಯಾರ್ಥಿಗಳಿಗೆ 36 ಕೋಣೆಗಳು, 3,000 ಗ್ರಂಥಗಳ ಗ್ರಂಥಾಲಯ. ಕಟ್ಟಡದ ಮಾದರಿ ಖುರಾಸಾನಿನದು, ನೀಲಿ ಹೆಂಚಿನ ಕಲೆ ಇರಾನಿನದು. ಕುದುರೆ ಬಂದ ಸಮುದ್ರದ ದಾರಿಯಲ್ಲೇ ಕುಶಲಕರ್ಮಿಗಳೂ ಗುರುಗಳೂ ಬಂದರು. ಹೆರಾತ್‌ನ ಮಹಾಕವಿ ಜಾಮಿಯವರನ್ನೂ ಗವಾನರು ಆಹ್ವಾನಿಸಿದ್ದರು. ಅವರು ಬರಲಿಲ್ಲ, ಪತ್ರ ವ್ಯವಹಾರ ಮಾತ್ರ ನಡೆಯಿತು. ಗವಾನರ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ'ದಲ್ಲಿ ತುರ್ಕಿಯ ಸುಲ್ತಾನ್ ಎರಡನೇ ಮೆಹಮದರಿಗೆ ಬರೆದ ಪತ್ರಗಳೂ ಇವೆ. ತುರ್ಕಿಯ ಬುರ್ಸಾ ನಗರದ ಕಾಜಿ ದಾಖಲೆಗಳಲ್ಲಿ ಗವಾನರ ಪ್ರತಿನಿಧಿಗಳು ಹಿಂದೂಸ್ತಾನದ ಬಟ್ಟೆ ಮಾರಲು ಬಂದದ್ದು ನಮೂದಾಗಿದೆ. ಪ್ರಧಾನಿಯಾದ ಮೇಲೂ ಅವರು ವ್ಯಾಪಾರ ಬಿಡಲಿಲ್ಲ. ಅದಕ್ಕೆ ಕಾರಣವಿತ್ತು. ಊರಿಂದ ತಂದಿದ್ದ 40,000 ಲಾರಿ ಬಂಡವಾಳದ ವ್ಯಾಪಾರದಿಂದ ಬಂದದ್ದರಲ್ಲೇ ದಿನಕ್ಕೆ 12 ಲಾರಿಯಂತೆ ಸ್ವಂತ ಖರ್ಚು ನಡೆಸುತ್ತಿದ್ದರು ಎಂದು ಫಿರಿಶ್ತಾ ಹೇಳುತ್ತಾನೆ. (ಲಾರಿ ಎಂದರೆ ಕೊಲ್ಲಿಯ ವ್ಯಾಪಾರದಲ್ಲಿ ಓಡುತ್ತಿದ್ದ, ತಂತಿ ಮಡಿಸಿದಂತಿದ್ದ ಬೆಳ್ಳಿ ನಾಣ್ಯ, ನಮ್ಮ ರಸ್ತೆಯ ಲಾರಿಯಲ್ಲ.) ಜಾಗೀರಿನಿಂದ ಬಂದ ಹಣ ಸೈನಿಕರಿಗೂ ಬಡವರಿಗೂ ಹೋಗುತ್ತಿತ್ತು. ಮಲಗಲು ಚಾಪೆ, ಅಡುಗೆಗೆ ಮಣ್ಣಿನ ಮಡಕೆ.

ಅವರ ಆಡಳಿತ ಸುಧಾರಣೆಗಳು ಅನೇಕರಿಗೆ ನುಂಗಲಾರದ ತುತ್ತಾದವು. ನಾಲ್ಕು ದೊಡ್ಡ ತರಫ್‌ಗಳನ್ನು ಎಂಟಾಗಿ ಒಡೆದರು, ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಎಂದು ನಿಯಮ ಮಾಡಿದರು. ದಖ್ಖನಿ ಸರದಾರರಿಗೂ ಸಮುದ್ರದಾಚೆಯಿಂದ ಬಂದ ಆಫಾಖಿಗಳಿಗೂ ಹಳೆಯ ಹಗೆ. ಗವಾನರು ಎರಡೂ ಗುಂಪಿಗೆ ಸಮಪಾಲು ಕೊಡಲು ಹೋದರು. ಆದರೆ ಅವರೂ ಹಡಗಿನಿಂದಿಳಿದು ಬಂದವರೇ ಎಂಬುದನ್ನು ವಿರೋಧಿಗಳು ಮರೆಯಲಿಲ್ಲ. ಅವರ ಮುದ್ರೆಯ ಉಸ್ತುವಾರಿಯಿದ್ದವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಒಡಿಶಾದ ಗಜಪತಿ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನರ ಮುಂದಿಟ್ಟರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನರು ವಿಚಾರಣೆಯನ್ನೇ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಬಿಡಾರದಲ್ಲಿ, 70ರ ವೃದ್ಧ ಪ್ರಧಾನಿಯ ತಲೆ ಕಡಿಯಲಾಯಿತು. ಬೀದರ್ ಬಳಿಯ ಗೋರ್ನಳ್ಳಿಯಲ್ಲಿ ಅವರ ಸಮಾಧಿ ಇದೆ.

ಸತ್ತ ಮಂತ್ರಿಯ ನಿಧಿ ಎಲ್ಲಿದೆ ಎಂದು ಸುಲ್ತಾನರು ಖಜಾಂಚಿಯನ್ನು ಕೇಳಿದರು. ಲೆಕ್ಕ ತೆಗೆದಾಗ ಬಡವರಿಗೆಂದು ತೆಗೆದಿಟ್ಟ ಪೆಟ್ಟಿಗೆಯಲ್ಲಿ ಕೆಲವು ನೂರು ಲಾರಿಗಳಷ್ಟೇ ಇದ್ದವು. ಪತ್ರ ಸುಳ್ಳೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಪಶ್ಚಾತ್ತಾಪದಲ್ಲೇ ಸುಲ್ತಾನರು 1482ರ ಮಾರ್ಚ್‌ನಲ್ಲಿ ತೀರಿಕೊಂಡರು.

ಆ ಮೇಲೆ ರಾಜ್ಯ ಒಡೆಯಿತು. ಗೋವೆಯೂ ದಾಭೋಳವೂ ಬಿಜಾಪುರದ ಪಾಲಿಗೆ ಬಂದವು. ಬಿಜಾಪುರದ ಮೊದಲ ಸುಲ್ತಾನ್ ಯೂಸುಫ್ ಆದಿಲ್ ಖಾನ್ ಕೂಡ ದಾಭೋಳದಲ್ಲೇ ಇಳಿದು ಬಂದು ಗವಾನರ ಆಶ್ರಯದಲ್ಲಿ ಬೆಳೆದವನು. 1508ರ ಕೊನೆಯಲ್ಲಿ ಪೋರ್ಚುಗೀಸರು ದಾಭೋಳವನ್ನು ಸುಟ್ಟರು. 1510ರ ನವೆಂಬರ್‌ನಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದ. ಹುರ್ಮುಜ್‌ನಿಂದ ಬರುವ ಕುದುರೆ ಹಡಗುಗಳೆಲ್ಲ ಗೋವೆಯಲ್ಲೇ ನಿಲ್ಲಬೇಕು, ಅಲ್ಲೇ ಸುಂಕ ಕಟ್ಟಬೇಕು ಎಂದು ಅವನು ಪಟ್ಟು ಹಿಡಿದ. ವಿಜಯನಗರವೂ ಬಿಜಾಪುರವೂ ಕುದುರೆಗಾಗಿ ಗೋವೆಗೆ ದೂತರನ್ನು ಕಳಿಸತೊಡಗಿದವು.